ಪ್ರಮಾಣ ಮಾಡಿಸುತ್ತಿದ್ದ ಕಾಕಾ

ಹೋದ ತಿಂಗಳು ಹಳಿಯಾಳದ ಪೇಟೆಯಲ್ಲಿ ಒಂದು ಪುಸ್ತಕದ ಅಂಗಡಿಗೆ ಹೋಗಿದ್ದೆ. ತಂಗಿಯ ಮಗಳ ಮದುವೆ ಆಮಂತ್ರಣಕ್ಕೆ ಲಕೋಟೆ ಬೇಕಿದ್ದವು. ಅಂಗಡಿಯವರು ಮೇಲಿನ ಕಪಾಟಿನಿಂದ ಕಟ್ಟು ಇಳಿಸುವಾಗ ಅದರ ಹಿಂದಿದ್ದ ಒಂದು ಚಪ್ಪಟೆ ಡಬ್ಬಿ ಜಾರಿ ಕೆಳಗೆ ಬಿತ್ತು. ಕಾರ್ಬನ್ ಪೇಪರಿನ ಡಬ್ಬಿ. "ಇವನ್ನ ಈಗ ಯಾರೂ ಕೇಳೂದಿಲ್ರಿ, ಒಗೀಬೇಕು" ಎಂದರು ಅವರು. ನಾನು ಮುಚ್ಚಳ ತೆರೆದೆ. ಮೇಣ, ಎಣ್ಣೆ, ಮಸಿ ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂದು ದನಿ ಕಿವಿಯಲ್ಲಿ ಕೂಗಿದಂತಾಯಿತು. ಮೂರು ಸಲ. ಮೂರನೆಯ ಸಲ ಸ್ವಲ್ಪ ಎಳೆದು...

ಮೂವತ್ತು ವರ್ಷದ ಹಿಂದಿನ ಮಾತು. ನಮ್ಮ ಈ ಭಾಗದ ಒಂದು ಸಣ್ಣ ಕೋರ್ಟಿನಲ್ಲಿ ನಾನು ಟೈಪಿಸ್ಟ್ ಆಗಿ ಸೇರಿದ್ದೆ. ಯಾವ ಊರಿನದು ಎಂದು ಹೇಳುವುದು ಬೇಡ. ಹಂಚಿನ ಕಟ್ಟಡ, ಮುಂದೆ ಉದ್ದನೆಯ ಪಡಸಾಲೆ, ಪಡಸಾಲೆಯ ಕೊನೆಗೆ ನೀರಿನ ಹರವಿ. ಆ ಹರವಿಯ ಪಕ್ಕದಲ್ಲಿ ಬಿಳಿ ಅಂಗಿ ತೊಟ್ಟು, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ ಹಾಕಿಕೊಂಡು ಒಬ್ಬರು ನಿಂತಿರುತ್ತಿದ್ದರು. ಕೋರ್ಟಿನ ಜವಾನರು. ಪಕ್ಷಗಾರರ ಹೆಸರು ಕೂಗುವುದು, ಸಾಕ್ಷಿದಾರರಿಗೆ ಪ್ರಮಾಣ ಮಾಡಿಸುವುದು ಅವರ ಕೆಲಸ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ವಕೀಲರು, ಪೊಲೀಸರು, ಬೇಡಿ ಹಾಕಿಸಿಕೊಂಡು ಬಂದವರು ಕೂಡ.

ನಾನು ಗದಗಿನ ಕಡೆಯವಳು. ಸೇರಿದ ಮೊದಲ ದಿನವೇ ಒಂದು ದಡ್ಡತನ ಮಾಡಿದೆ. ಕಾಕಾ ಸಿದ್ದಿ ಜನದವರು. ಗುಂಗುರು ಕೂದಲು, ಕಪ್ಪು ಮೈಬಣ್ಣ. ಸಿದ್ದಿಗಳು ಈ ಕಾಡಿನ ಹಳ್ಳಿಗಳಲ್ಲಿ ತಲೆತಲಾಂತರದಿಂದ ಇರುವವರು ಎಂಬುದು ನನಗೆ ಗೊತ್ತಿರಲಿಲ್ಲ. "ನೀವು ಯಾವ ದೇಶದಿಂದ ಬಂದವರು?" ಎಂದು ಕೇಳಿಬಿಟ್ಟೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಮ್ಮ ಮುತ್ತಜ್ಜನ ಮುತ್ತಜ್ಜ ಬಂದಾನಂತ್ರಿ, ನನಗೂ ಪಕ್ಕಾ ಗೊತ್ತಿಲ್ಲ. ನೀವು ಯಾವಾಗ ಬಂದ್ರಿ ಬಾಯಾರ?" ಎಂದರು.

"ನಿನ್ನೆ ಸಂಜೆ ಬಸ್ಸಿಗೆ."

"ಹಂಗಾದ್ರ ಹೊರಗಿನವರು ನೀವ ಆದ್ರಿ. ಬರ್ರಿ, ನಮ್ಮ ಊರು ತೋರಸ್ತೇನಿ."

ಹೀಗೆ ಶುರುವಾಯಿತು ನಮ್ಮ ಸ್ನೇಹ. ಏಳನೆಯ ಇಯತ್ತೆವರೆಗೆ ಓದಿದ್ದ ಅವರಿಗೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ನಾಲ್ಕೂ ಬರುತ್ತಿದ್ದವು. ಮುಂಡಗೋಡದಲ್ಲಿ ಕೆಲವು ವರ್ಷ ಇದ್ದುದರಿಂದ ಅಲ್ಲಿಯ ಟಿಬೆಟಿನ ಜನರಿಗೆ ಅವರದೇ ಮಾತಿನಲ್ಲಿ ಕುಶಲ ಕೇಳುವಷ್ಟು ಕಲಿತಿದ್ದರು. ಜೋಯಿಡಾ ಕಡೆಯ ಕಾಡಿನೊಳಗಿಂದ ಕೊಂಕಣಿ ಬಿಟ್ಟು ಬೇರೇನೂ ಬಾರದ ಸಾಕ್ಷಿದಾರರು ಬಂದರೆ, ಅವರ ಮಾತನ್ನು ಕಾಕಾ ಕನ್ನಡಕ್ಕೆ ತಿರುಗಿಸಿ ಹೇಳಬೇಕು. ಅದನ್ನು ನಮ್ಮ ಸಾಹೇಬರು, ಅಂದರೆ ನ್ಯಾಯಾಧೀಶರು, ತಿದ್ದಿ ಹೇಳಿಬರೆಸಬೇಕು. ನಾನು ಟೈಪ್ ಮಾಡಬೇಕು. ಒಂದು ಸತ್ಯ ಮೂರು ಬಾಯಿ ದಾಟಿ ಕಾಗದಕ್ಕೆ ಇಳಿಯುತ್ತಿತ್ತು. "ಬೊಗಸ್ಯಾಗ ನೀರು ತುಂಬಿ ಮೂರು ಮಂದಿ ಕೈ ಬದಲಿ ಮಾಡಿದಂಗ್ರಿ. ಚೆಲ್ಲೂದು ಚೆಲ್ಲತೈತಿ, ತಳಕ್ಕರ ಉಳೀಬೇಕು" ಎನ್ನುತ್ತಿದ್ದರು ಕಾಕಾ.

ಅವರು ಹೆಸರು ಕೂಗುವ ರೀತಿಯೇ ಬೇರೆ. ಗಂಡಸರ ಹೆಸರನ್ನು ಪಡಸಾಲೆಯಲ್ಲಿ ನಿಂತು, ರಸ್ತೆಯಾಚೆಯ ಚಹಾದ ಅಂಗಡಿಗೂ ಕೇಳಿಸುವಂತೆ ಮೂರು ಸಲ ಕೂಗುವರು, ಮೂರನೆಯ ಸಲ ಸ್ವಲ್ಪ ಎಳೆದು. ಹಳ್ಳಿಯ ಹೆಂಗಸರ ಹೆಸರಿದ್ದರೆ ಮಾತ್ರ ಮೆಟ್ಟಿಲಿಳಿದು, ಮರದ ಕೆಳಗೆ ಕುಳಿತವರ ಹತ್ತಿರ ಹೋಗಿ ಮೆಲ್ಲಗೆ ಕರೆಯುವರು. ಯಾಕೆ ಎಂದು ಒಮ್ಮೆ ಕೇಳಿದೆ.

"ಮದುವಿ ಆದ ಮ್ಯಾಲ ಆಕಿನ್ನ ಯಾರೂ ಹೆಸರು ಹಿಡದು ಕರದಿರೂದಿಲ್ಲ ಬಾಯಾರ. ಇಂಥಾವನ ಹೇಣ್ತಿ, ಇಂಥಾವನ ಅವ್ವ, ಅಷ್ಟ. ತನ್ನ ಹೆಸರು ತನಗ ಗುರ್ತು ಹತ್ತಾಕ ಸ್ವಲ್ಪ ಹೊತ್ತು ಬೇಕಾಗತೈತಿ."



ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಮೇಜಿನ ಪಕ್ಕ ಕುಳಿತು ಬಿಳಿ ಹಾಳೆಗಳ ನಡುವೆ ಕಾರ್ಬನ್ ಇಟ್ಟು ಜೋಡಿಸಿಕೊಡುತ್ತಿದ್ದರು. ಅವರ ಬೆರಳ ತುದಿ ಯಾವಾಗಲೂ ನೀಲಿ. ಆಗ ಹೊರಡುತ್ತಿದ್ದವು ಅವರ ಮಾತುಗಳು. ವಕೀಲರು ಸುಳ್ಳು ಹೇಳುತ್ತಾರಾ ಎಂದು ಕೇಳಿದರೆ, "ಛೇ, ಅವರು ಯಾಕ ಹೇಳತಾರ? ಅವರು ಬರೇ ಪ್ರಶ್ನೆ ಕೇಳತಾರ." ಸಾಕ್ಷಿದಾರರ ಬಗ್ಗೆ ಕೇಳಿದರೆ, "ಮನಶ್ಯಾ ಪೂರಾ ಸುಳ್ಳು ಹೇಳೂದಿಲ್ರಿ, ಅಷ್ಟು ಬುದ್ಧಿ ಯಾರಿಗೆ ಐತಿ? ಖರೇದಾಗ ಒಂದು ಚಮಚ ಹಾಕಿ ತಿರುವ್ತಾನ." ನೀರಿನ ಹರವಿಯ ಉಸ್ತುವಾರಿ ಅವರದೇ ಆದ್ದರಿಂದ ಇನ್ನೊಂದು ಲೆಕ್ಕಾಚಾರವೂ ಅವರಿಗಿತ್ತು: ಸುಳ್ಳು ಹೇಳಿ ಇಳಿದವನು ನೇರ ಚಹಾಕ್ಕೆ ಹೋಗುತ್ತಾನೆ, ನಿಜ ಹೇಳಿ ಇಳಿದವನಿಗೆ ಗಂಟಲು ಒಣಗಿರುತ್ತದೆ, ಹರವಿಯ ಹತ್ತಿರ ಬರುತ್ತಾನೆ. ಇದನ್ನು ನಾನು ಕೆಲವು ದಿನ ಪರೀಕ್ಷೆ ಮಾಡಿಯೂ ನೋಡಿದೆ. ಕಾಕಾನ ಲೆಕ್ಕ ಅರ್ಧ ಸರಿ ಬರುತ್ತಿತ್ತು. ಅದನ್ನು ಹೇಳಿದಾಗ, "ಅರ್ಧ ಸರಿ ಬಂತಂದ್ರ ಭಾಳ ಆತು. ಕೋರ್ಟಿನ್ಯಾಗ ಅದಕ್ಕಿಂತ ಹೆಚ್ಚು ಎಲ್ಲಿ ಬರತೈತಿ?" ಎಂದರು.

ಇಷ್ಟೇ ಆಗಿದ್ದರೆ ಅವರು ನನಗೆ ಒಬ್ಬ ತಮಾಷೆಯ ಮನುಷ್ಯರಾಗಿ ನೆನಪಿನಲ್ಲಿ ಉಳಿಯುತ್ತಿದ್ದರು. ಆದರೆ ನಾನು ಸೇರಿ ವರ್ಷ ತುಂಬುವ ಮೊದಲೇ ಆ ಬಡಿಗೆಯ ಕೇಸು ಬಂತು.

ಕುಂಬಾರವಾಡದ ಆಚೆಗಿನ ಒಂದು ಹಳ್ಳಿಯಲ್ಲಿ, ದನ ಗದ್ದೆಗೆ ಬಿದ್ದ ಸಂಬಂಧ ಎರಡು ಮನೆಗಳ ನಡುವೆ ಹೊಡೆದಾಟವಾಗಿತ್ತು. ಒಬ್ಬನ ತಲೆ ಒಡೆದಿತ್ತು. ಪಕ್ಕದ ಮನೆಯವನ ಮೇಲೆ ಕೇಸು. ಮೂರು ಮಕ್ಕಳ ತಂದೆ ಅವನು. ಹಿಂದಿನ ತಾರೀಖುಗಳಲ್ಲಿ ಪೆಟ್ಟು ತಿಂದವನ ಕಡೆಯ ಐದು ಜನ ಬಂದು, "ಅವನ ಕೈಯಲ್ಲಿ ಬಡಿಗೆ ಇತ್ತು" ಎಂದು ಹೇಳಿ ಹೋಗಿದ್ದರು. ಐದೂ ಸಲ ನಾನೇ ಟೈಪ್ ಮಾಡಿದ್ದೆ. ಆರೋಪಿಯ ಪರವಾಗಿ ಹೇಳಲು ಬಂದವಳು ಒಬ್ಬಳೇ, ಅದೇ ಹಳ್ಳಿಯ ಐವತ್ತು ದಾಟಿದ ಹೆಂಗಸು. ಅವಳಿಗೆ ಎರಡೂ ಮನೆಯವರು ನೆಂಟರಲ್ಲ. ಕೊಂಕಣಿ ಬಿಟ್ಟು ಬೇರೆ ಭಾಷೆ ಬಾರದು. ಕಾಕಾ ಮೆಟ್ಟಿಲಿಳಿದು ಹೋಗಿ ಕರೆತಂದರು, ಅವಳ ಮಾತಿನಲ್ಲೇ ಪ್ರಮಾಣ ಮಾಡಿಸಿದರು. ತನ್ನ ಅಂಗಳದಿಂದ ಎಲ್ಲ ನೋಡಿದ್ದೇನೆ, ಅವನು ಜಗಳ ಬಿಡಿಸಲು ಓಡಿದ, ಕೈಯಲ್ಲಿ ಬಡಿಗೆ ಇರಲಿಲ್ಲ ಎಂದಳು. ಕಾಕಾ ಅದನ್ನೇ ಕನ್ನಡದಲ್ಲಿ ಹೇಳಿದರು. ಸಾಹೇಬರು ಅದನ್ನೇ ಹೇಳಿಬರೆಸಿದರು. ನಾನು ಮಾತ್ರ...

ಬರೆದ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಿ, ಒಪ್ಪಿದ ಮೇಲೆ ಹೆಬ್ಬೆಟ್ಟು ಒತ್ತಿಸಬೇಕು. ಅದು ಕ್ರಮ. ಅವತ್ತು ಅವಳ ಸರದಿ ಬಂದದ್ದೇ ತಡವಾಗಿ. ಅವಳ ಊರಿನ ದಾರಿಗೆ ಇದ್ದದ್ದು ಅದೊಂದೇ ಬಸ್ಸು, ಅದೂ ಸ್ಟ್ಯಾಂಡಿನಲ್ಲಿ ಹಾರ್ನು ಹೊಡೆಯುತ್ತಿತ್ತು. ಅವಳು ಕಾಕಾನ ಮುಖ ನೋಡಿದಳು, ಕಾಕಾ ಬಾಗಿಲ ಕಡೆ ನೋಡಿದರು. ಹೆಬ್ಬೆಟ್ಟು ಬಿತ್ತು. "ಓದಿ ಹೇಳಿದ್ರಾ?" ಎಂದು ಸಾಹೇಬರು ತಲೆಯೆತ್ತದೆ ಕೇಳಿದರು. "ಹೌದ್ರಿ ಸಾಹೇಬರ, ಒಪ್ಪ್ಯಾಳ್ರಿ" ಎಂದರು ಕಾಕಾ. ಅವಳು ಸೀರೆಯ ಸೆರಗಿಗೆ ಹೆಬ್ಬೆಟ್ಟು ಒರೆಸಿಕೊಳ್ಳುತ್ತ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಕಾರ್ಬನ್ ಪ್ರತಿಗಳನ್ನು ಜೋಡಿಸುವಾಗ ಕಣ್ಣಾಡಿಸಿದೆ. ಎರಡನೆಯ ಹಾಳೆಯಲ್ಲಿ ಸ್ಪಷ್ಟವಾಗಿ ಇತ್ತು: "ಆರೋಪಿಯ ಕೈಯಲ್ಲಿ ಬಡಿಗೆ ಇತ್ತು." ಐದು ಸಲ ಬರೆದ ಬೆರಳು ಆರನೆಯ ಸಲ ಕಿವಿಯ ಮಾತು ಕೇಳಿರಲಿಲ್ಲ. ಸಾಹೇಬರಿಗೆ ವರ್ಗಾವಣೆ ಆದೇಶ ಬಂದಾಗಿತ್ತು, ಹತ್ತು ದಿನದಲ್ಲಿ ಹೊರಡುವವರು. ತೀರ್ಪು ಬರೆಯುವವರು ಹೊಸಬರು. ಆ ಹೆಂಗಸಿನ ಮುಖ ಕಾಣದ, ದನಿ ಕೇಳದ ಅವರಿಗೆ ಈ ಕಾಗದ ಹೇಳಿದ್ದೇ ನಿಜ. ಅವನ ಪರವಾಗಿ ಬಂದ ಒಬ್ಬಳೇ ಸಾಕ್ಷಿ ಅವನ ಕೈಗೆ ಬಡಿಗೆ ಕೊಟ್ಟು ಹೋದಂತಾಗಿತ್ತು. ಕೊಟ್ಟವಳು ನಾನು. ನನ್ನ ಕೆಲಸವೋ ಇನ್ನೂ ಕಾಯಂ ಆಗಿರಲಿಲ್ಲ. ಊರಲ್ಲಿ ನನ್ನ ಸಂಬಳವನ್ನೇ ನಂಬಿಕೊಂಡ ಅವ್ವ ಇದ್ದಳು.

ಕಾಕಾ ಹರವಿಗೆ ನೀರು ತುಂಬುತ್ತಿದ್ದರು. ಹಾಳೆ ತೋರಿಸಿದೆ. ಓದಿದರು. ಕೊಡ ಕೆಳಗಿಟ್ಟು ಮತ್ತೊಮ್ಮೆ ಓದಿದರು.

"ಕಾಕಾ, ಹೆಬ್ಬೆಟ್ಟು, ಸಾಹೇಬರ ಸಹಿ ಎರಡೂ ಕೊನೆಯ ಹಾಳೆಯಲ್ಲಿವೆ" ಎಂದೆ. "ಎರಡನೇ ಹಾಳೆ ಒಂದನ್ನು ಬೇರೆ ಟೈಪ್ ಮಾಡಿ ಇಟ್ಟುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಕಪಾಟಿನ ಕೀಲಿ ನಿಮ್ಮ ಹತ್ತಿರವೇ ಇದೆ. ನಾವೇನು ಸುಳ್ಳು ಇಡುತ್ತಿಲ್ಲವಲ್ಲ, ನಿಜವನ್ನೇ ಇಡುತ್ತೇವೆ."

ಅವರೂ ಅದನ್ನು ಯೋಚಿಸಿದರು ಎಂದು ನನಗೆ ಖಾತ್ರಿ ಇದೆ. ಸೊಂಟದ ಕೀಲಿಯ ಮೇಲೆ ಅವರ ಕೈ ಹೋಗಿತ್ತು.

"ಖರೇನ ಕದ್ದು ಇಟ್ರ ಅದೂ ಕಳವಿನ ಮಾಲ ಆಗತೈತಿ, ತಂಗಿ" ಎಂದರು ಕೊನೆಗೆ. ಬಾಯಾರ ಹೋಗಿ ತಂಗಿ ಆದದ್ದು ಅವತ್ತೇ. "ಇವತ್ತು ನಾವು ಖರೇ ಇಡಾಕ ಈ ಕಪಾಟು ತಗೀತೇವಿ. ನಾಳಿ ಯಾವನೋ ಸುಳ್ಳು ಇಡಾಕ ಇದ ಕಪಾಟು ತಗೀತಾನ. ಅವಗ ಬ್ಯಾಡನ್ನಾಕ ನನಗ ಬಾಯಿ ಎಲ್ಲಿರತೈತಿ?"

"ಹಾಗಾದರೆ ಏನು ಮಾಡುವುದು?"

"ಹೇಳೂಣು. ಆದ್ರ ಈಗ ಬ್ಯಾಡ. ನನಗ ಸ್ವಲ್ಪ ಅಂಜಿಕಿ ಐತಿ. ಅದು ಇಳೀಲಿ."

ಅವತ್ತು ಅವರು ಊಟದ ಡಬ್ಬಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ನಿವೃತ್ತಿಗೆ ಅವರಿಗೆ ಎಂಟು ತಿಂಗಳು ಉಳಿದಿತ್ತು. ಅಷ್ಟು ವರ್ಷದಲ್ಲಿ ಒಂದೇ ಒಂದು ನೋಟಿಸು ಬಾರದ ಸರ್ವಿಸು ಅವರದು. ಅದನ್ನು ಅವರು ಹೇಳಿಕೊಳ್ಳುತ್ತಿರಲಿಲ್ಲ, ನಾವೇ ಹೇಳಿಕೊಳ್ಳುತ್ತಿದ್ದೆವು. ಮಧ್ಯಾಹ್ನದ ಕಲಾಪ ಮುಗಿದು ಸಾಹೇಬರು ಒಳಗಿನ ಕೋಣೆಗೆ ಹೋದ ಮೇಲೆ ಕಾಕಾ ಎದ್ದರು. ಕೆಂಪು ಪಟ್ಟಿ ಸರಿ ಮಾಡಿಕೊಂಡರು. "ಅಂಜಿಕಿ ಇಳೀತೇನು ಕಾಕಾ?" ಎಂದೆ. "ಇಳೀಲಿಲ್ಲ. ಟೈಮ್ ಆತು, ನಡಿ" ಎಂದರು.

ಸಾಹೇಬರು ಮೈಸೂರು ಕಡೆಯವರು, ಮಿತಭಾಷಿ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಮುಂದೆ ಹೋದರು.

"ಸಾಹೇಬರ, ಮೊನ್ನಿ ಆ ಹೆಣ್ಮಗಳ ಹೇಳಿಕಿ ಓದಿ ಹೇಳೇನಿ ಅಂದಿದ್ದೆ. ಓದಿರಲಿಲ್ರಿ. ಸುಳ್ಳು ಹೇಳಿದೆ."

ಸಾಹೇಬರು ಕನ್ನಡಕ ತೆಗೆದರು. "ಯಾಕೆ?"

"ಆಕಿ ಬಸ್ಸು ಹೋಗತಿತ್ರಿ."

ಹಾಳೆಯನ್ನು ಮೇಜಿನ ಮೇಲಿಟ್ಟು, ತಪ್ಪಿದ್ದ ಸಾಲಿನ ಮೇಲೆ ನೀಲಿ ಬೆರಳಿಟ್ಟರು. ಸಾಹೇಬರು ಓದಿದರು. ಅವರಿಗೂ ಆ ಹೆಂಗಸಿನ ಮಾತು ನೆನಪಿತ್ತು. "ಇದನ್ನ ಟೈಪ್ ಮಾಡಿದ್ದು ಯಾರು?" ಎಂದರು. ಆ ಕಚೇರಿಯಲ್ಲಿ ಇದ್ದ ಟೈಪಿಸ್ಟ್ ನಾನೊಬ್ಬಳೇ. ಅವರಿಗೆ ಗೊತ್ತಿರದ ಸಂಗತಿಯೇನಲ್ಲ. ಆದರೂ ಕಾಕಾ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ನಿಂತರು, ಬಾಯಿ ಬಿಡಲಿಲ್ಲ. ನನ್ನ ಮಾತನ್ನು ನಾನೇ ಹೇಳಲಿ ಎಂದು ಜಾಗ ಬಿಟ್ಟು ನಿಂತಿದ್ದರು ಎಂದು ತಿಳಿಯಲು ನನಗೆ ಆಮೇಲೆ ಎಷ್ಟೋ ವರ್ಷ ಬೇಕಾಯಿತು.

"ನಾನು ಸರ್" ಎಂದೆ.

ಆ ಎರಡು ಶಬ್ದಕ್ಕಿಂತ ಭಾರವಾದದ್ದನ್ನು ನಾನು ಅದುವರೆಗೆ ಎತ್ತಿರಲಿಲ್ಲ. ಹೇಳಿದ ಮೇಲೆ ಗಂಟಲು ಒಣಗಿ ಬಿರಿಯಿತು. ಹೊರಗೆ ಬಂದವಳೇ ಹರವಿಯ ಹತ್ತಿರ ಹೋದೆ. ಕಾಕಾ ಲೋಟ ಹಿಡಿದುಕೊಂಡೇ ನಿಂತಿದ್ದರು, ಮೊದಲು ಅವರೇ ಒಂದು ಕುಡಿದರು.

ಸಾಹೇಬರು ಹೊರಡುವ ಮೊದಲೇ ಆ ಸಾಕ್ಷಿಯನ್ನು ಮತ್ತೆ ಕರೆಸಲು ಆದೇಶ ಮಾಡಿದರು. ಸಮನ್ಸು ಒಯ್ಯುವವರ ಜೊತೆ ಕಾಕಾ ತಾವೂ ಹೊರಟರು, ಭಾನುವಾರ ಬಿಡುವಿನ ದಿನ. ಬಸ್ಸಿಳಿದು ಕಾಡಿನ ದಾರಿಯಲ್ಲಿ ನಡೆದು ಹೋಗಿ, ತಪ್ಪು ನಮ್ಮದು ಎಂದು ಅವಳಿಗೆ ಹೇಳಿ ಬಂದರು. ಅವಳು ಬಂದಳು. ಮತ್ತೆ ಪ್ರಮಾಣವಾಯಿತು. ಕಟಕಟೆಯಲ್ಲಿ ನಿಂತು ಅವಳು ಕೊಂಕಣಿಯಲ್ಲಿ ಏನೋ ಕೇಳಿದಳು. ಕಾಕಾ ಅದನ್ನು ತಿರುಗಿಸದೆ ಸುಮ್ಮನೆ ನಿಂತರು.

"ಏನಂತೆ?" ಎಂದರು ಸಾಹೇಬರು.

"ಖರೇ ಹೇಳಿದ್ರ ನಿಮ್ಮ ಕೋರ್ಟಿನ್ಯಾಗ ಎರಡು ಸಲ ಬರಬೇಕೇನು, ಸುಳ್ಳಿಗೆ ಒಂದ ಸಲ ಸಾಕೇನು ಅಂತ ಕೇಳಾಕತ್ಯಾಳ್ರಿ."

ಕೋರ್ಟಿನಲ್ಲಿ ನಗು ಎದ್ದಿತು. ಸಾಹೇಬರೂ ನಕ್ಕರು. "ಅದನ್ನ ಟೈಪ್ ಮಾಡಬೇಡಮ್ಮ" ಎಂದು ನನಗೆ ಹೇಳಿದರು. ಈ ಸಲ ಪ್ರತಿ ಸಾಲನ್ನೂ ಓದಿ, ಕಾಕಾ ಕೊಂಕಣಿಯಲ್ಲಿ ಹೇಳಿ, ಅವಳು ಹೂಂ ಎಂದ ಮೇಲೆಯೇ ಹೆಬ್ಬೆಟ್ಟು. ಅವತ್ತು ಅವಳ ಬಸ್ಸು ತಪ್ಪಿತು. ಕಾಕಾ ಅವಳನ್ನು ತಮ್ಮ ಮನೆಗೇ ಕರೆದುಕೊಂಡು ಹೋಗಿ, ಮರುದಿನ ಬೆಳಿಗ್ಗೆ ಬಸ್ಸು ಹತ್ತಿಸಿದರು.

ನನಗೆ ಬಾಯಿಮಾತಿನ ಎಚ್ಚರಿಕೆಯಾಯಿತು. ಕಾಕಾನಿಗೆ ಲಿಖಿತ ನೋಟಿಸು. ಕೋರ್ಟಿಗೆ ಸುಳ್ಳು ಹೇಳಿದ್ದು ದೊಡ್ಡದು, ಬಿಡುವಂತಿರಲಿಲ್ಲ. "ನಿಮ್ಮ ವಯಸ್ಸಿಗೆ ಇದನ್ನ ಬರೆಯೋಕೆ ನನಗೆ ಕಷ್ಟ ಆಗುತ್ತೆ" ಎಂದು ಸಾಹೇಬರು ಅಂದಾಗ, ಕಾಕಾ, "ಬರೀರಿ ಸಾಹೇಬರ. ಇಷ್ಟು ವರ್ಷ ಮಂದಿಗೆ ಖರೇ ಹೇಳ್ರಿ ಖರೇ ಹೇಳ್ರಿ ಅಂದೆ. ಹೇಳಿದವರಿಗೆ ಏನಾಗತೈತಿ ಅಂತ ನನಗೂ ಗೊತ್ತಾಗಲಿ" ಎಂದರಂತೆ.

ಹೊಸ ಸಾಹೇಬರು ಬಂದು ಎಲ್ಲ ಓದಿ, ಆ ಮೂರು ಮಕ್ಕಳ ತಂದೆಯನ್ನು ಬಿಡುಗಡೆ ಮಾಡಿದರು. ಅವನು ಪಡಸಾಲೆಯಲ್ಲಿ ಕಾಕಾನ ಕಾಲು ಹಿಡಿಯಲು ಬಂದ. ಇವರು ಹಿಂದೆ ಸರಿದು, "ನನ್ನ ಕಾಲ ಯಾಕ ಹಿಡೀತಿ? ಆಕಿ ಎರಡು ಸಲ ಬಂದಾಳ, ಆಕಿ ಗದ್ದಿ ನಾಟಿಗೆ ಎರಡು ದಿನ ಹೋಗು" ಎಂದರು.

ಎಂಟು ತಿಂಗಳು ಕಳೆದು ಬೀಳ್ಕೊಡುಗೆ. ಶಾಲು, ಹಾರ, ತೆಂಗಿನಕಾಯಿ. ಶಿರಸ್ತೇದಾರರು ಭಾಷಣ ಮಾಡುತ್ತ, "ಇವರ ಸೇವೆಯಲ್ಲಿ ಒಂದೇ ಒಂದು ಕಪ್ಪು ಚುಕ್ಕೆ ಇಲ್ಲ" ಎಂದುಬಿಟ್ಟರು, ಅಭ್ಯಾಸಬಲದಿಂದ. ಕಾಕಾ ಹಾರ ಹಾಕಿಕೊಂಡೇ ಕುರ್ಚಿಯಿಂದ ಎದ್ದು ನಿಂತು, "ಒಂದು ಐತ್ರಿ" ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಗುತ್ತಿದ್ದ ಹಾಗೇ ಕಣ್ಣು ತುಂಬಿತು...

ಅದಾದ ಮೇಲೆ ನನ್ನದೂ ವರ್ಗವಾಯಿತು. ಮುಂಡಗೋಡ, ಆಮೇಲೆ ಬೇರೆ ಬೇರೆ ಊರು. ಮದುವೆ, ಮಕ್ಕಳು. ಟೈಪ್ ಮಶೀನು ಹೋಗಿ ಕಂಪ್ಯೂಟರು ಬಂತು. ಈಗ ತಪ್ಪು ಮಾಡಿದರೂ ಕಾಗದದ ಮೇಲೆ ಗುರುತು ಉಳಿಯದಂತೆ ಅಳಿಸಬಹುದು. ಆದರೆ ಇಷ್ಟು ವರ್ಷಗಳಲ್ಲಿ, ಯಾರ ಬಸ್ಸೇ ಹೋಗಲಿ, ಓದಿ ಹೇಳದೆ ಒಂದು ಹೆಬ್ಬೆಟ್ಟನ್ನೂ ನಾನು ಒತ್ತಿಸಿಕೊಂಡಿಲ್ಲ. ಅದಕ್ಕಾಗಿ ವಕೀಲರಿಂದ ಬೈಸಿಕೊಂಡಿದ್ದೇನೆ. ಇದನ್ನೆಲ್ಲ ಕಾಕಾನಿಗೆ ಹೇಳಬೇಕು, ಒಮ್ಮೆ ಹೋಗಿ ಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಈ ಬೇಸಿಗೆ ರಜೆಗೆ, ಮುಂದಿನ ರಜೆಗೆ. ಹಳಿಯಾಳದಿಂದ ಅವರ ಊರಿಗೆ ಬಸ್ಸಿನಲ್ಲಿ ಅರ್ಧ ತಾಸು.

ಅವತ್ತು ಅಂಗಡಿಯಿಂದ ಹೊರಬಿದ್ದವಳು ಲಕೋಟೆಯ ಕಟ್ಟು ಹಿಡಿದುಕೊಂಡೇ ಆ ಬಸ್ಸು ಹತ್ತಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಹಳೆಯ ಬಟ್ಟೆಯ ತುಂಡುಗಳನ್ನು ಹರಡಿಕೊಂಡು ಅವರ ಹೆಂಡತಿ ಕೌದಿ ಹೊಲಿಯುತ್ತಿದ್ದರು. ಕಾಕಾ ಅವರ ಮನೆಯೇ ಎಂದು ಕೇಳಿದೆ. ಸೂಜಿ ನಿಂತಿತು.

"ಹೋದ ಮಳಿಗಾಲದಾಗ ಹೋದ್ರು, ಯವ್ವಾ. ಬಾ, ಕುಂದ್ರ."

ಕುಳಿತೆ. ನಾನು ಕೋರ್ಟಿನಲ್ಲಿದ್ದವಳು ಎಂದಷ್ಟೇ ಹೇಳಿದೆ. ಅವರು ತಾವಾಗಿಯೇ ಮಾತು ತೆಗೆದರು. ಕಾಕಾ ಮೊಮ್ಮಕ್ಕಳನ್ನು ಕೂಡಿಸಿಕೊಂಡು ಮತ್ತೆ ಮತ್ತೆ ಹೇಳುತ್ತಿದ್ದದ್ದು ಆ ಬಡಿಗೆಯ ಕಥೆಯನ್ನೇ ಅಂತೆ. ಆ ಹೆಂಗಸು ಬಂದು ಇದೇ ಅಂಗಳದಲ್ಲಿ ಉಂಡು ಮಲಗಿದ್ದನ್ನೂ ಅವರು ನೆನೆಸಿದರು.

"ಟೈಪ್ ಮಾಡಿದವರ ಬಗ್ಗೆ ಏನು ಹೇಳುತ್ತಿದ್ದರು?" ಎಂದು ಕೇಳಿದೆ.

"ಟೈಪ್ ಮಾಡಿದವರು ಯಾರು? ಅದು ಮಶೀನಿನ ತಪ್ಪಿತ್ತಂತಲ್ಲ. ಒಂದು ಅಕ್ಷರ ಹಾಳಾಗಿತ್ತಂತ. ಮಶೀನು ತಪ್ಪಿತು, ನಾನೂ ಓದಲಿಲ್ಲ, ಜೀವನದಾಗ ನಾ ಹೇಳಿದ್ದು ಅದೊಂದ ಸುಳ್ಳು ಅಂತಿದ್ರು."

ತಮ್ಮ ತಪ್ಪನ್ನು ಮೊಮ್ಮಕ್ಕಳಿಗೂ ಬಿಡದೆ ಹೇಳಿಕೊಂಡವರು, ನನ್ನದನ್ನು ಇಷ್ಟು ವರ್ಷ ಒಂದು ಹಳೆಯ ಮಶೀನಿನ ತಲೆಗೆ ಕಟ್ಟಿ ಇಟ್ಟಿದ್ದರು.

"ಮಶೀನು ಸರಿಯಿತ್ತು ಕಾಕೂ" ಎಂದೆ. "ತಪ್ಪಿದ್ದು ನಾನು."

ಅವರು ನನ್ನನ್ನು ದಿಟ್ಟಿಸಿ ನೋಡಿದರು. ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಆ ಸುಕ್ಕುಗಟ್ಟಿದ ಮುಖ ಮೆಲ್ಲಗೆ ಅರಳಿತು.

"ಹಂಗಾದ್ರ ಅವರ ಸುಳ್ಳು ಒಂದಲ್ಲ, ಎರಡಾತಲ್ಲ!" ಎಂದು ತೊಡೆ ತಟ್ಟಿಕೊಂಡರು. ಒಳಗಿದ್ದ ಸೊಸೆಯನ್ನು ಕೂಗಿ ಕರೆದು ಕೊಂಕಣಿಯಲ್ಲಿ ಅದನ್ನೇ ಹೇಳಿದರು. ಸೊಸೆ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. ಮಾವ ಸಿಕ್ಕಿಬಿದ್ದರು ಎಂದು ಇಬ್ಬರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಾನೂ ಅವರ ಜೊತೆ ಸೇರಿದೆ. ಆ ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ನಗಬೇಕಾಗಿದ್ದವರು ಒಬ್ಬರಿದ್ದರು. ಅವರಿಗೆ ಇದನ್ನು ಹೇಳಲು ನಾನು ಒಂದು ಮಳೆಗಾಲ ತಡವಾಗಿ ಬಂದಿದ್ದೆ.